ಹೊಸ ಆಲ್ಬಂ ಬೇಕಾ? ಚಾರ್ಟ್ ಕೆಳಗಿನಿಂದ ನೋಡಿ

ವಿಜಯಪುರದಿಂದ ಬಾಗಲಕೋಟೆಗೆ ಬಸ್ಸಿನಲ್ಲಿ ಓಡಾಡುವವರಿಗೆ ಒಂದು ಸಲಹೆ. ಹಾಡಿನ ಆ್ಯಪ್ ಕೇಳಿಸಿದ್ದನ್ನೇ ಮತ್ತೆ ಕೇಳಿಸುತ್ತದೆ, ಅಲ್ವಾ? ನಾನೀಗ ಬ್ರಿಟನ್‌ನ ವಾರದ ಆಲ್ಬಂ ಚಾರ್ಟ್ ನೋಡುತ್ತೇನೆ. ಅಂದರೆ ಆ ವಾರ ಜನ ಹೆಚ್ಚು ಕೊಂಡ, ಹೆಚ್ಚು ಕೇಳಿದ ಆಲ್ಬಂಗಳ ಕ್ರಮವಾರು ಪಟ್ಟಿ. ಪ್ರತಿ ಶುಕ್ರವಾರ ಬರುತ್ತದೆ, ನೋಡಲು ದುಡ್ಡು ಬೇಡ.

ಮೊದಲ ಹತ್ತು ಬಿಟ್ಟುಬಿಡಿ. ಅಲ್ಲಿ ಜಾಸ್ತಿ ದೊಡ್ಡ ಹೆಸರುಗಳೇ. 40ರಿಂದ 100ರ ನಡುವೆ ‘ಹೊಸದು’ ಎಂದಿರುವುದನ್ನು ಹುಡುಕಿ. ಇಂಡೀ (ದೊಡ್ಡ ಸಂಗೀತ ಕಂಪನಿಗಳಿಗೆ ಸೇರದ) ಪಾಪ್-ರಾಕ್ ಬ್ಯಾಂಡ್‌ಗಳು ಹೆಚ್ಚಾಗಿ ಅಲ್ಲೇ ಸಿಗುತ್ತವೆ. ಸ್ವತಂತ್ರ ಕಂಪನಿಗಳ ಆಲ್ಬಂಗಳಿಗೆ ಬೇರೆ ಚಾರ್ಟೂ ಇದೆ.

ಒಂದು ವಿಷಯ ಗಮನದಲ್ಲಿರಲಿ. ಅಭಿಮಾನಿಗಳು ಮುಂಗಡವಾಗಿ ಕೊಂಡ ಸಿಡಿ, ವಿನೈಲ್ ರೆಕಾರ್ಡ್ ಎಲ್ಲ ಮೊದಲ ವಾರದ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ ಎಷ್ಟೋ ಆಲ್ಬಂ ಒಂದೇ ವಾರ ಮೇಲೆ ಹಾರಿ, ಮುಂದಿನ ವಾರ ಮಾಯ! ಮೂರು ವಾರ ನಿಂತಿದ್ದರೆ ಜನ ನಿಜಕ್ಕೂ ಕೇಳುತ್ತಿದ್ದಾರೆ ಅಂತ ನನ್ನ ಲೆಕ್ಕ. ಆದರೂ ಒಂದೇ ವಾರ ಇದ್ದು ಹೋದ ಎರಡು ಆಲ್ಬಂ ನನಗೆ ತುಂಬಾ ಹಿಡಿಸಿವೆ.

ಮನೆಯಲ್ಲಿ ವೈಫೈ ಇರುವಾಗಲೇ ಡೌನ್‌ಲೋಡ್ ಮಾಡಿಕೊಳ್ಳಿ, ದಾರಿಯಲ್ಲಿ ನೆಟ್‌ವರ್ಕ್ ನಂಬಬೇಡಿ. ಹಾಡುಗಳನ್ನು ಹಿಂದೆ ಮುಂದೆ ಮಾಡದೆ ಸಾಲಾಗಿ ಕೇಳಿ. ನಾನು ಹತ್ತಿದ ಕೂಡಲೇ ಶುರು ಮಾಡುತ್ತೇನೆ. ಕೊಲ್ಹಾರ ಸೇತುವೆ ಮೇಲೆ ಕೃಷ್ಣೆ ಕಾಣುವಷ್ಟರಲ್ಲಿ ಆಲ್ಬಂ ಸಾಮಾನ್ಯವಾಗಿ ಮುಗಿದಿರುತ್ತದೆ.