ಎಸ್‌ಪಿ ರೋಡ್‌ನಲ್ಲಿ ಹಳೇ ಲ್ಯಾಪ್‌ಟಾಪ್ ಕೊಂಡಿದ್ದು

ಅಕ್ಕನ ಮಗಳು ಹಾಸನದಲ್ಲಿ ಬಿಸಿಎ ಸೇರಿದಳು. ಲ್ಯಾಪ್‌ಟಾಪ್ ಬೇಕು, ಆದರೆ 25,000 ರೂಪಾಯಿ ದಾಟುವ ಹಾಗಿಲ್ಲ ಅಂತ ಅಕ್ಕನ ಕಟ್ಟಪ್ಪಣೆ. ಆ ದುಡ್ಡಿಗೆ ಹೊಸದೂ ಸಿಗುತ್ತದೆ. ಆದರೆ ಸೆಲೆರಾನ್ ಥರದ ಸಣ್ಣ ಪ್ರೊಸೆಸರ್ ಇರುತ್ತದೆ, ಎಷ್ಟೋ ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಆಮೇಲೆ ಹೆಚ್ಚಿಸಲು ಆಗದು. ಕೊನೇ ವರ್ಷದ ಪ್ರಾಜೆಕ್ಟ್ ಬರುವ ಹೊತ್ತಿಗೆ ಹುಡುಗಿ ಅದನ್ನು ಬೈಯುತ್ತಾ ಕೂರುತ್ತಾಳೆ. ಹಾಗಾಗಿ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪನ್ನೇ ಕೊಡಿಸೋಣ ಅಂದುಕೊಂಡೆ. ನನ್ನ ಮನೆಯಲ್ಲಿ ಇರುವುದೂ ಅಂಥದ್ದೇ.

ದೊಡ್ಡ ಕಂಪನಿಗಳು ಲ್ಯಾಪ್‌ಟಾಪ್‌ಗಳನ್ನು ಲೀಸ್‌ಗೆ ಪಡೆಯುವುದು ಮಾಮೂಲು. ಮೂರ‍್ನಾಲ್ಕು ವರ್ಷಕ್ಕೆ ಲೀಸ್ ಮುಗಿದು ಲಾಟ್‌ಗಟ್ಟಲೆ ಹೊರಗೆ ಬರುತ್ತವೆ: ಲೆನೊವೊದ ಥಿಂಕ್‌ಪ್ಯಾಡ್, ಡೆಲ್‌ನ ಲ್ಯಾಟಿಟ್ಯೂಡ್, ಎಚ್‌ಪಿಯ ಎಲೀಟ್‌ಬುಕ್. ಹೊಸದಾಗಿದ್ದಾಗ ಇವು ದುಬಾರಿ ಮಾಲು. ಗಟ್ಟಿ ಬಾಡಿ, ಒಳ್ಳೆಯ ಕೀಬೋರ್ಡ್. ಬೆಂಗಳೂರಿನಲ್ಲಿ ಇವನ್ನು ಹುಡುಕಿಕೊಂಡು ಹೋಗಬೇಕಾದ ಜಾಗ ಎಸ್‌ಪಿ ರೋಡ್. ಕಾರು ತೆಗೆದುಕೊಂಡು ಹೋಗಬೇಡಿ, ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆದುಬಿಡಿ. ವಾರದ ದಿನ ಬೆಳಗ್ಗೆ, ಅಂಗಡಿಯವರು ಪುರುಸೊತ್ತಾಗಿ ಇರುವಾಗ ಹೋದರೆ ಯಂತ್ರ ಮುಟ್ಟಿ ನೋಡಲು ಬಿಡುತ್ತಾರೆ. ನಮಗೆ ಬೇಕಾಗಿರುವುದೂ ಅದೇ.

ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಾರಲ್ಲ, ಹಾಗೆ ಇಲ್ಲಿ ಮೊದಲು ನೋಡಬೇಕಾದ್ದು ಪ್ರೊಸೆಸರ್‌ನ ಜನರೇಷನ್, ಅಂದರೆ ಅದು ಎಷ್ಟನೇ ತಲೆಮಾರಿನದು ಅನ್ನುವುದು. ‘ಐ7 ಇದೆ ಸರ್, ಐ5 ಬೆಲೆಗೇ ಕೊಡ್ತೀನಿ’ ಅಂತ ಮೊದಲ ಅಂಗಡಿಯಲ್ಲೇ ಶುರುವಾಯಿತು. ತೆಗೆದು ನೋಡಿದರೆ ಐ7-6600ಯು. ಆರನೇ ಜನರೇಷನ್, ಎರಡೇ ಕೋರ್, ಅಂದರೆ ಕೆಲಸ ಮಾಡುವ ಕೈ ಎರಡೇ. ಐ5-8250ಯು ಎಂಟನೇ ಜನರೇಷನ್, ನಾಲ್ಕು ಕೋರ್. ಹೆಸರಿನಲ್ಲಿ ಐ7 ದೊಡ್ಡದು, ಕೆಲಸದಲ್ಲಿ ಈ ಐ5 ದೊಡ್ಡದು. ಇನ್ನೊಂದು ವಿಷಯ, ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ ಎಂಟನೇ ಜನರೇಷನ್‌ನಿಂದ ಮೇಲಿನದೇ ಬೇಕು. ವಿಂಡೋಸ್ 10ರ ಮಾಮೂಲು ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆರು, ಏಳನೇ ಜನರೇಷನ್ ಯಂತ್ರಗಳು ಅಗ್ಗವಾಗಿರುವುದು ಇದಕ್ಕೇ. ಅದರಲ್ಲೂ ವಿಂಡೋಸ್ 11 ಓಡಿಸಿ ತೋರಿಸುತ್ತಾರೆ, ಅಡ್ಡದಾರಿಯಲ್ಲಿ ಹಾಕಿರುತ್ತಾರೆ ಅಷ್ಟೇ.

ನಾನು ಹುಡುಕುತ್ತಿದ್ದದ್ದು ಥಿಂಕ್‌ಪ್ಯಾಡ್ ಟಿ480. 2018ರ ಮಾಡೆಲ್. ರ‍್ಯಾಮ್‌ಗೆ ಎರಡು ಸ್ಲಾಟ್, ಎರಡನ್ನೂ ನಾವೇ ಬಿಚ್ಚಿ ಹಾಕಬಹುದು. ಟಿ480ಎಸ್ ಅಂತ ಇನ್ನೊಂದು ಬರುತ್ತದೆ, ತೆಳ್ಳಗೆ ಚೆನ್ನಾಗಿ ಕಾಣುತ್ತದೆ, ಆದರೆ ಅದರಲ್ಲಿ ಸ್ವಲ್ಪ ರ‍್ಯಾಮ್ ಬೋರ್ಡಿಗೇ ಅಂಟಿರುತ್ತದೆ, ಸ್ಲಾಟ್ ಒಂದೇ. ಟಿ480ರಲ್ಲೇ 1366x768 ಸ್ಕ್ರೀನ್ ಇರುವುದೂ ಬರುತ್ತದೆ. ದಿನವಿಡೀ ಕೋಡ್ ನೋಡುವವರಿಗೆ ಅದು ಬೇಡ. ಫುಲ್ ಎಚ್‌ಡಿ ಇರುವುದನ್ನೇ ಕೇಳಿ.

ಜೇಬಿನಲ್ಲಿ ಒಂದು ಪೆನ್‌ಡ್ರೈವ್ ಇಟ್ಟುಕೊಂಡಿದ್ದೆ. ಅದರಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಸಣ್ಣ ಸಾಫ್ಟ್‌ವೇರ್. ಎಸ್‌ಎಸ್‌ಡಿಯ (ಫೈಲ್‌ಗಳು ಕೂರುವ ಡಿಸ್ಕ್) ಆರೋಗ್ಯ ಶೇಕಡಾ ಎಷ್ಟು, ಎಷ್ಟು ಗಂಟೆ ಓಡಿದೆ ಅಂತ ಅದು ಹೇಳುತ್ತದೆ. ಕೀಬೋರ್ಡ್‌ಗೆ ನೋಟ್‌ಪ್ಯಾಡ್ ತೆರೆದು ಒಂದೊಂದೇ ಕೀ ಒತ್ತಿದೆ. ಸ್ಕ್ರೀನ್‌ಗೆ ಪೂರ್ತಿ ಬಿಳಿ ಚಿತ್ರ ಹಾಕಿದೆ, ಕಲೆ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಮುಚ್ಚಳ ಅರ್ಧ ತೆರೆದು ಕೈಬಿಟ್ಟು ನೋಡಿದೆ, ಹಿಂಜ್ ಗಟ್ಟಿಯಾಗಿತ್ತು. ಯುಎಸ್‌ಬಿ-ಸಿ ಪೋರ್ಟ್ ಎರಡರಲ್ಲೂ ಚಾರ್ಜರ್ ಚುಚ್ಚಿ ನೋಡಿದೆ.

ಆಮೇಲೆ ಬ್ಯಾಟರಿ. ಕಮಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ’, ಒಂದು ಸ್ಪೇಸ್, ಸ್ಲ್ಯಾಶ್, ‘ಬ್ಯಾಟರಿರಿಪೋರ್ಟ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಒಂದು ವರದಿ ಬರುತ್ತದೆ. ಅದರಲ್ಲಿ ಡಿಸೈನ್ ಕೆಪ್ಯಾಸಿಟಿ ಅಂದರೆ ಹುಟ್ಟಿದಾಗಿನ ಶಕ್ತಿ, ಫುಲ್ ಚಾರ್ಜ್ ಕೆಪ್ಯಾಸಿಟಿ ಅಂದರೆ ಈಗ ಉಳಿದಿರುವುದು. ಟಿ480ಗೆ ಒಳಗೊಂದು, ಹೊರಗೊಂದು ಬ್ಯಾಟರಿ. ಒಳಗಿನದು ಪರವಾಗಿಲ್ಲ. ಹೊರಗಿನದರಲ್ಲಿ ಸುಮಾರು 24,000 ಮಿಲಿವಾಟ್-ಅವರ್ ಇರಬೇಕಾದ ಕಡೆ 11,000 ಚಿಲ್ಲರೆ ಇತ್ತು. ಅರ್ಧವೂ ಇಲ್ಲ.

‘ಅಣ್ಣ, ಇದು ನೋಡಿ’ ಅಂತ ಸ್ಕ್ರೀನ್ ಅವರ ಕಡೆ ತಿರುಗಿಸಿದೆ.

‘ಸೆಕೆಂಡ್ಸ್ ಅಲ್ವಾ ಸರ್, ಇರುತ್ತೆ.’

‘ಇರಲಿ, ಬೇರೆ ಬ್ಯಾಟರಿ ಹಾಕಿ, ಇಲ್ಲ ಅಷ್ಟು ದುಡ್ಡು ಬಿಡಿ.’

ಅವರು ಏನೂ ಮಾತಾಡದೆ ಡ್ರಾಯರ್ ಎಳೆದು ಇನ್ನೊಂದು ಬ್ಯಾಟರಿ ಕೊಟ್ಟರು. ಅದನ್ನೂ ಹಾಕಿ ವರದಿ ತೆಗೆದೆ, 20,000ದ ಹತ್ತಿರ ಇತ್ತು. ಸುಮ್ನೆ ‘ಕಮ್ಮಿ ಮಾಡಿ’ ಅಂತ ಚೌಕಾಸಿ ಮಾಡಿದರೆ ಐನೂರು ಇಳಿಸಿ ‘ಲಾಸ್ಟ್ ರೇಟ್ ಸರ್’ ಅನ್ನುತ್ತಾರೆ. ಕಣ್ಣಿಗೆ ಕಾಣುವ ಕೊರತೆ ತೋರಿಸಿದರೆ ಮಾತು ಬೇರೆಯೇ ಆಗುತ್ತದೆ. ಈ ಮಾಲು ಮುಂದಿನ ಗಿರಾಕಿಗೂ ಇದೇ ಕೊರತೆಯ ಜೊತೆಗೇ ಹೋಗಬೇಕು ಅಂತ ಅವರಿಗೂ ಗೊತ್ತು.

ಬ್ಯಾಟರಿ ಹೋದರೆ ಬದಲಾಯಿಸಬಹುದು. ಬದಲಾಯಿಸಲು ಆಗದ ತೊಂದರೆ ಲಾಕ್. ಆನ್ ಮಾಡುವಾಗ ಎಫ್1 ಒತ್ತಿ ಬಯೋಸ್ (ವಿಂಡೋಸ್ ಶುರುವಾಗುವ ಮುಂಚಿನ ಮೂಲ ಸೆಟ್ಟಿಂಗ್) ಒಳಗೆ ಹೋದೆ. ಪಾಸ್‌ವರ್ಡ್ ಕೇಳಿದ್ದರೆ ಅಲ್ಲಿಂದಲೇ ಎದ್ದು ಬರುತ್ತಿದ್ದೆ. ಥಿಂಕ್‌ಪ್ಯಾಡ್‌ನಲ್ಲಿ ಈ ಬಯೋಸ್‌ನ ಸೂಪರ್‌ವೈಸರ್ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಲೆನೊವೊ ಕಂಪನಿಯೇ ಹೇಳುವ ದಾರಿ ಮದರ್‌ಬೋರ್ಡ್ ಬದಲಾಯಿಸುವುದು. ಆಮೇಲೆ ವಿಂಡೋಸ್ ರೀಸೆಟ್ ಮಾಡಿಸಿ ನನ್ನ ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿದೆ. ಹಳೇ ಕಂಪನಿ ತನ್ನ ಪಟ್ಟಿಯಿಂದ ಯಂತ್ರವನ್ನು ತೆಗೆಯದಿದ್ದರೆ, ಇಂಟರ್‌ನೆಟ್ ಸಿಕ್ಕ ತಕ್ಷಣ ಆ ಕಂಪನಿಯ ಹೆಸರಿನಲ್ಲೇ ಲಾಗಿನ್ ಪುಟ ಬರುತ್ತದೆ. ರೀಸೆಟ್‌ಗೆ ಹೊತ್ತು ಹಿಡಿಯುತ್ತದೆ, ಅಂಗಡಿಯವರು ಗೊಣಗುತ್ತಾರೆ. ಗೊಣಗಲಿ, ಅಷ್ಟರಲ್ಲಿ ಹೋಗಿ ಒಂದು ಕಾಫಿ ಕುಡಿದು ಬಂದೆ.

22,000 ಅಂದಿದ್ದರು. ಸ್ಕ್ರೀನ್‌ನ ಮೂಲೆಯಲ್ಲಿ ಸಣ್ಣ ಬಿಳಿ ಚುಕ್ಕೆ, ಮೇಲೆ ಗೀರು, ಎರಡನ್ನೂ ತೋರಿಸಿದೆ. 8 ಜಿಬಿ ಇದ್ದದ್ದನ್ನು 16 ಮಾಡಿಕೊಡಿ, ರೇಟ್ ಅದೇ ಇರಲಿ ಅಂದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿ ಕೂತಿದೆ, ಆಮೇಲೆ ಹಾಕಿಸುವುದಕ್ಕಿಂತ ಯಂತ್ರದ ರೇಟಿನಲ್ಲೇ ಸೇರಿಸಿಕೊಳ್ಳುವುದು ಲಾಭ. ಎಳೆದಾಡಿ 22,500ಕ್ಕೆ ಒಪ್ಪಿದರು. ಒಪ್ಪುವ ಮುಂಚೆಯೇ ‘ಜಿಎಸ್‌ಟಿ ಬಿಲ್ ಸೇರಿ ತಾನೇ?’ ಅಂತ ಕೇಳಿಕೊಂಡೆ. ರೇಟ್ ಕುದುರಿದ ಮೇಲೆ ‘ಬಿಲ್ ಬೇಕಾದ್ರೆ 18 ಪರ್ಸೆಂಟ್ ಎಕ್ಸ್‌ಟ್ರಾ’ ಅನ್ನುವುದು, ಕಾರ್ಡ್ ತೆಗೆದರೆ 2 ಪರ್ಸೆಂಟ್ ಸೇರಿಸುವುದು ಇಲ್ಲಿ ಹೊಸದಲ್ಲ. ಯುಪಿಐ ಮಾಡಿದೆ.

ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ, ಲ್ಯಾಪ್‌ಟಾಪ್ ಅಡಿಯಲ್ಲಿದ್ದ ನಂಬರಿನ ಜೊತೆ ತಾಳೆ ನೋಡಿದೆ. ಮೂರು ತಿಂಗಳ ವಾರಂಟಿ ಅಂದರು. ಯಾವುದಕ್ಕೆ ಅಂತ ಕೇಳಿದರೆ ಬ್ಯಾಟರಿ, ಚಾರ್ಜರ್, ಸ್ಕ್ರೀನ್ ಬಿಟ್ಟು ಉಳಿದದ್ದಕ್ಕೆ. ಅದನ್ನೂ ಬಿಲ್ ಮೇಲೆ ಬರೆಸಿದೆ. ಅಕ್ಕನ ಮಗಳಿಗೆ ಹೇಳಿ ಕಳಿಸಿದ್ದು ಒಂದೇ: ‘ಈ ಮೂರು ತಿಂಗಳು ಅದನ್ನು ಜೋಪಾನವಾಗಿ ಇಡಬೇಡ, ಚೆನ್ನಾಗಿ ದುಡಿಸು. ಎಲ್ಲಾ ಪೋರ್ಟ್ ಬಳಸು, ಕ್ಯಾಮೆರಾ ಹಾಕು, ಗಂಟೆಗಟ್ಟಲೆ ಓಡಿಸು. ಕೆಡುವುದಿದ್ದರೆ ಈಗಲೇ ಕೆಡಲಿ, ಹೋಗಿ ಕೇಳೋಣ.’