ದಿನಾ ನೋಡೋಕೆ ಒಂದು ಮರ ಆರಿಸಿಕೊಳ್ಳಿ
ಬೆಂಗಳೂರಿನಲ್ಲಿರುವ ಗೆಳೆಯರಿಗೆ ಒಂದು ಸಣ್ಣ ಸಲಹೆ. ಬಸ್ ಸ್ಟಾಪಿನದ್ದೋ, ಹಾಲಿನ ಬೂತಿನ ಪಕ್ಕದ್ದೋ, ದಿನಾ ಕಣ್ಣಿಗೆ ಬೀಳುವ ಒಂದೇ ಒಂದು ಮರ ಆರಿಸಿಕೊಳ್ಳಿ. ನನ್ನ ಕೇಳಿದರೆ ಹೊಂಗೆಯೇ ಸರಿ. ಬೇಸಿಗೆ ಶುರುವಾಗುವ ಹೊತ್ತಿಗೆ ಹಳೆ ಎಲೆ ಉದುರಿಸಿ, ಯುಗಾದಿ ಸುತ್ತಮುತ್ತ ಮಿರುಗುವ ಎಳೆ ಹಸಿರು ತುಂಬಿಕೊಳ್ಳುತ್ತೆ. ಆಮೇಲೆ ಬಿಳಿ, ತಿಳಿ ನೇರಳೆ ಹೂವು. ಕೆಳಗೆ ಫುಟ್‌ಪಾತ್ ತುಂಬ ಮಂಡಕ್ಕಿ ಚೆಲ್ಲಿದ ಹಾಗೆ. ಆಗ ಒಂದು ನಿಮಿಷ ಮರದಡಿ ನಿಂತು ಕಿವಿಗೊಡಿ, ಜೇನುನೊಣಗಳ ಗುಂಯ್‌ಗುಡುವಿಕೆ ಟ್ರಾಫಿಕ್ ನಡುವೆಯೂ ಕೇಳಿಸುತ್ತೆ!

ಹತ್ತಿರ ಮಳೆಮರ ಇದ್ದರೆ ಸಂಜೆ ನೋಡಿ. ಎಲೆಗಳೆಲ್ಲ ಮಡಚಿಕೊಳ್ಳುತ್ತವೆ, ಬೆಳಿಗ್ಗೆ ಮತ್ತೆ ಬಿಚ್ಚಿಕೊಳ್ಳುತ್ತವೆ. ಮಕ್ಕಳಿಗೆ ಇದನ್ನು ತೋರಿಸಲೇಬೇಕು.

ಫೋಟೊ ಬೇಡ ಅನ್ನಲ್ಲ, ಆದರೆ ಮೊದಲು ಕಣ್ಣಿಂದ ನೋಡಿ. ಹಾಲು, ಗ್ಯಾಸಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನ ಚೌಕದಲ್ಲೇ 'ಮೊದಲ ಚಿಗುರು', 'ಸೂರಕ್ಕಿ ಬಂತು' ಅಂತ ಎರಡು ಪದ ಗೀಚಿ, ಸಾಕು. ವರ್ಷ ಮುಗಿದ ಮೇಲೆ ಆ ಕ್ಯಾಲೆಂಡರನ್ನು ರದ್ದಿಗೆ ಹಾಕಬೇಡಿ. ಮುಂದಿನ ಚಿಗುರು ಬೇಗ ಬಂತೋ ತಡವಾಯಿತೋ ಅಂತ ಹೋಲಿಸಿ ನೋಡುವುದರಲ್ಲೇ ದೊಡ್ಡ ಖುಷಿ ಇದೆ. ನಿಮ್ಮ ಮರ ಯಾವುದು ಅಂತ ಇಲ್ಲಿ ಹೇಳಿ.