ಎನ್‌ಸಿಸಿ, ಎನ್ನೆಸ್ಸೆಸ್, ಸೇನಾ ತರಬೇತಿಗೆ ಕಾಲೇಜು ಕ್ರೆಡಿಟ್: ಮೊದಲು ನೋಂದಣಿ, ಆಮೇಲೆ ಸರ್ಟಿಫಿಕೇಟ್

ಮೂರು ವರ್ಷ ಪರೇಡ್ ತಪ್ಪಿಸದೆ 'ಸಿ' ಸರ್ಟಿಫಿಕೇಟ್ ಪಡೆದ ಕೆಡೆಟ್‌ನ ಅಂಕಪಟ್ಟಿಯಲ್ಲಿ ಎನ್‌ಸಿಸಿ ಹೆಸರಿನಲ್ಲಿ ಒಂದು ಕ್ರೆಡಿಟ್ಟೂ ಇಲ್ಲದಿರುವುದು ಅಪರೂಪವೇನಲ್ಲ. ಸರ್ಟಿಫಿಕೇಟ್ ಕೊಡುವುದು ಎನ್‌ಸಿಸಿ, ಪದವಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್ ಕೊಡುವುದು ವಿಶ್ವವಿದ್ಯಾಲಯ. ಇವೆರಡಕ್ಕೂ ನೋಂದಣಿ ಬೇರೆ, ಹಾಜರಿ ಲೆಕ್ಕ ಬೇರೆ, ಗಡುವು ಬೇರೆ. ತರಬೇತಿ ಮುಗಿದ ಮೇಲೆ ಸರ್ಟಿಫಿಕೇಟ್ ಹಿಡಿದು ಪರೀಕ್ಷಾ ವಿಭಾಗಕ್ಕೆ ಹೋದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆಯಾ ಸೆಮಿಸ್ಟರ್‌ನಲ್ಲಿ ನೀವು ಆ ಕೋರ್ಸನ್ನು ವಿಷಯವಾಗಿ ಆಯ್ದುಕೊಂಡಿರಬೇಕು, ಅದಕ್ಕೆ ಅಂಕ ಬಂದಿರಬೇಕು. ಹಾಗಾಗಿ ಈ ಕೆಲಸದ ಮುಕ್ಕಾಲು ಪಾಲು ಮೊದಲ ಸೆಮಿಸ್ಟರ್‌ನ ಮೊದಲ ತಿಂಗಳಲ್ಲೇ ಆಗಬೇಕು.

ಗಂಟೆ ಮತ್ತು ಕ್ರೆಡಿಟ್‌ನ ಲೆಕ್ಕ

2023ರ ಏಪ್ರಿಲ್‌ನಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಸ್ವಂತ ಓದೂ ಸೇರಿ 30 ಗಂಟೆಯ ಕಲಿಕೆಗೆ 1 ಕ್ರೆಡಿಟ್, ವರ್ಷಕ್ಕೆ 1,200 ಗಂಟೆ ಅಂದರೆ 40 ಕ್ರೆಡಿಟ್. ತರಗತಿ ಪಾಠವಾದರೆ 15 ಗಂಟೆಗೆ, ಪ್ರಾಯೋಗಿಕ ಅಥವಾ ಕ್ಷೇತ್ರ ಕೆಲಸವಾದರೆ 30 ಗಂಟೆಗೆ ಒಂದು ಕ್ರೆಡಿಟ್ ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಲೆಕ್ಕ ಹಾಕುತ್ತದೆ.

ಇಲ್ಲೇ ಹಲವರು ಎಡವುವುದು. ಎನ್ನೆಸ್ಸೆಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ. ಮೂವತ್ತರಿಂದ ಭಾಗಿಸಿದರೆ 8. "ಎಂಟು ಕ್ರೆಡಿಟ್ ನನಗೆ ಬರಬೇಕು" ಎಂದು ವಾದಿಸಿ ಪ್ರಯೋಜನವಿಲ್ಲ. ನಿಮ್ಮ ಪದವಿಯ ನಿಯಮಾವಳಿ ಎನ್ನೆಸ್ಸೆಸ್‌ಗೆ ಸೆಮಿಸ್ಟರಿಗೆ 1 ಕ್ರೆಡಿಟ್ ಎಂದು ಬರೆದಿದ್ದರೆ ಸಿಗುವುದು ಅಷ್ಟೇ. ಎನ್‌ಸಿಸಿಯದ್ದೂ ಇದೇ ಕಥೆ. ಆರು ಸೆಮಿಸ್ಟರ್‌ಗಳಲ್ಲಿ ಒಟ್ಟು 24 ಕ್ರೆಡಿಟ್‌ಗಳ ಐಚ್ಛಿಕ ವಿಷಯವಾಗಿ ಎನ್‌ಸಿಸಿಯನ್ನು ಸೇರಿಸಿ ಎಂದು 2021ರ ಏಪ್ರಿಲ್‌ನಲ್ಲಿ ಯುಜಿಸಿ ಕುಲಪತಿಗಳಿಗೆ ಪತ್ರ ಬರೆದಿತ್ತು. ಅದು ಸಲಹೆ. ವಿಶ್ವವಿದ್ಯಾಲಯದ ವಿದ್ಯಾವಿಷಯಕ ಪರಿಷತ್ತು ಒಪ್ಪಿ, ಕಾಲೇಜು ಆ ವಿಷಯ ತೆರೆದರೆ ಮಾತ್ರ ಆ 24ರ ಮಾತು.

ಸೀನಿಯರ್‌ಗಳ ಅನುಭವವನ್ನು ಕೇಳಿ, ಆದರೆ ಅದನ್ನೇ ನಂಬಿ ಕೂರಬೇಡಿ. ಕರ್ನಾಟಕದಲ್ಲಿ 2021-22ರಲ್ಲಿ ಸೇರಿದವರಿಗೆ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿಯ) ಪಠ್ಯಕ್ರಮ ಇತ್ತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅಣ್ಣನಿಗೆ ಸಿಕ್ಕ ಕ್ರೆಡಿಟ್ ತಂಗಿಗೆ ಅದೇ ಕಾಲೇಜಿನಲ್ಲಿ, ಅದೇ ತರಬೇತಿಗೆ ಸಿಗದೇ ಹೋಗಬಹುದು. ನೀವು ಸೇರಿದ ವರ್ಷದ ನಿಯಮಾವಳಿಯ ಪಿಡಿಎಫ್ ತೆಗೆದುಕೊಂಡು, ಸೆಮಿಸ್ಟರ್‌ವಾರು ವಿಷಯಗಳ ಕೋಷ್ಟಕದಲ್ಲಿ ಎನ್‌ಸಿಸಿ ಅಥವಾ ಎನ್ನೆಸ್ಸೆಸ್ ಯಾವ ಸಾಲಿನಲ್ಲಿದೆ, ಅದರ ಎದುರು ಎಷ್ಟು ಕ್ರೆಡಿಟ್, ಎಷ್ಟು ಅಂಕ ಇದೆ ಎಂದು ನೋಡಿ. ಆ ಪುಟವನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಮುಂದೆ ತಕರಾರು ಬಂದರೆ ಕೆಲಸಕ್ಕೆ ಬರುವ ಕಾಗದ ಅದೊಂದೇ.

ಸೇರುವಾಗ

ಎನ್‌ಸಿಸಿ, ಎನ್ನೆಸ್ಸೆಸ್ ಎರಡಕ್ಕೂ ಒಟ್ಟಿಗೆ ಸೇರುವಂತಿಲ್ಲ, ಒಂದನ್ನು ಆರಿಸಿಕೊಳ್ಳಿ. ಎನ್‌ಸಿಸಿಗೆ ಕಾಲೇಜಿನ ಎಎನ್‌ಒ (ಎನ್‌ಸಿಸಿ ನೋಡಿಕೊಳ್ಳುವ ಅಧ್ಯಾಪಕರು), ಎನ್ನೆಸ್ಸೆಸ್‌ಗೆ ಕಾರ್ಯಕ್ರಮಾಧಿಕಾರಿಯ ಬಳಿ ಹೆಸರು ಕೊಡಬೇಕು. ಘಟಕಕ್ಕೆ ಹೆಸರು ಕೊಟ್ಟ ಮೇಲೆ ಎರಡನೆಯ ಹೆಜ್ಜೆಯನ್ನು ಮರೆಯಬೇಡಿ: ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆ ನೋಡಿಕೊಳ್ಳುವ ರಾಜ್ಯದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ವಿಷಯ ಆಯ್ಕೆ ಮಾಡುವಾಗ ಅದೇ ಕೋರ್ಸನ್ನು ಗುರುತಿಸಬೇಕು. ಘಟಕದ ಪಟ್ಟಿಯಲ್ಲಿ ಹೆಸರಿದ್ದು ಪೋರ್ಟಲ್‌ನಲ್ಲಿ ಕ್ರೀಡೆ ಅಥವಾ ಸಾಂಸ್ಕೃತಿಕ ಚಟುವಟಿಕೆ ಎಂದು ಟಿಕ್ ಆಗಿದ್ದರೆ, ಅಂಕ ಹಾಕುವ ಹೊತ್ತಿಗೆ ನಿಮ್ಮ ಹೆಸರು ಬೇರೆ ಮೇಷ್ಟರ ಪಟ್ಟಿಯಲ್ಲಿರುತ್ತದೆ. ಅವರು ನಿಮ್ಮನ್ನು ನೋಡಿಯೇ ಇರುವುದಿಲ್ಲ. ಗೈರು ಎಂದು ಬರೆಯುತ್ತಾರೆ. ಪರೀಕ್ಷಾ ಅರ್ಜಿ ತುಂಬುವಾಗ ವಿಷಯಗಳ ಪಟ್ಟಿಯನ್ನು ಇನ್ನೊಮ್ಮೆ ಓದಿ. ತಪ್ಪಿದ್ದರೆ ಅರ್ಜಿಯ ಗಡುವಿನೊಳಗೆ ಪ್ರಾಂಶುಪಾಲರ ಮೂಲಕ ತಿದ್ದಿಸಬಹುದು. ಫಲಿತಾಂಶ ಬಂದ ಮೇಲೆ ತಿದ್ದಿಸುವುದು ಬಹಳ ಕಷ್ಟ.

ಎನ್ನೆಸ್ಸೆಸ್ ಸ್ವಯಂಸೇವಕರು ಕೇಂದ್ರ ಸರ್ಕಾರದ 'ಮೈ ಭಾರತ್' ಪೋರ್ಟಲ್‌ನಲ್ಲಿಯೂ ನೋಂದಾಯಿಸಿಕೊಳ್ಳಬೇಕು. ಅಲ್ಲಿ ಬರೆಯುವ ಹೆಸರು ಕಾಲೇಜಿನ ದಾಖಲೆಯಲ್ಲಿರುವಂತೆಯೇ ಇರಲಿ.

ಕ್ರೆಡಿಟ್ ಖಾತೆ ಮತ್ತು ಇನಿಷಿಯಲ್ ಗೋಳು

ನೀವು ಗಳಿಸಿದ ಕ್ರೆಡಿಟ್‌ಗಳು ಸೇರುವುದು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ಗೆ, ಅಂದರೆ ಎಬಿಸಿ ಖಾತೆಗೆ. 2021ರ ಜುಲೈನ ಯುಜಿಸಿ ನಿಯಮದಂತೆ ಬಂದ ವ್ಯವಸ್ಥೆ ಇದು. ಡಿಜಿಲಾಕರ್ ಮೂಲಕ ಲಾಗಿನ್ ಆದರೆ 12 ಅಂಕಿಯ ಗುರುತಿನ ಸಂಖ್ಯೆ ಸಿಗುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರಿಗೆ ಒಟಿಪಿ ಬರುತ್ತದೆ. ಹೊಸನಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಆಧಾರ್‌ಗೆ ಅಪ್ಪನ ಹಳೆಯ ನಂಬರ್ ಜೋಡಿಸಿರುತ್ತದೆ, ಆ ಸಿಮ್ ಈಗ ಇರುವುದೇ ಇಲ್ಲ. ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿಕೊಳ್ಳಿ.

ಅದಕ್ಕಿಂತ ದೊಡ್ಡ ತೊಡಕು ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ರಮ್ಯಾ ಕೆ ಎಸ್', ಆಧಾರ್‌ನಲ್ಲಿ 'ಕೆ ಎಸ್ ರಮ್ಯಾ', ಎನ್‌ಸಿಸಿ ನಮೂನೆಯಲ್ಲಿ ಬರೀ 'ರಮ್ಯಾ' ಎಂದಿದ್ದರೆ ಕಂಪ್ಯೂಟರಿಗೆ ಇವರು ಮೂವರು. ಇನಿಷಿಯಲ್ ಮುಂದೆ ಬಂದರೂ ಹಿಂದೆ ಬಂದರೂ, ನಡುವೆ ಚುಕ್ಕಿ ಇದ್ದರೂ ಇಲ್ಲದಿದ್ದರೂ ದಾಖಲೆ ಹೊಂದದೇ ಕ್ರೆಡಿಟ್ ನಡುವೆ ಸಿಕ್ಕಿಕೊಳ್ಳುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ಉಳಿದೆಲ್ಲವನ್ನೂ ಅದಕ್ಕೆ ಹೊಂದಿಸಿ. ಆಧಾರ್ ತಿದ್ದುವುದು ಸುಲಭ, ಎಸ್ಸೆಸ್ಸೆಲ್ಸಿ ತಿದ್ದುವುದು ವರ್ಷದ ಕೆಲಸ.

ಎಬಿಸಿಗೆ ನೀವೇ ಕ್ರೆಡಿಟ್ ಹಾಕಲಾಗುವುದಿಲ್ಲ. ಸರ್ಟಿಫಿಕೇಟ್ ಅಪ್‌ಲೋಡ್ ಮಾಡಿದರೂ ಅದು ಕ್ರೆಡಿಟ್ ಆಗದು. ವಿಶ್ವವಿದ್ಯಾಲಯವೇ ಕಳಿಸಬೇಕು. ಖಾತೆಗೆ ಬಂದದ್ದು ಗರಿಷ್ಠ 7 ವರ್ಷ ಉಳಿಯುತ್ತದೆ, ಒಂದು ಪದವಿಗೆ ಬಳಸಿದ ಮೇಲೆ ಮತ್ತೊಂದಕ್ಕೆ ಬರುವುದಿಲ್ಲ.

ಎನ್ನೆಸ್ಸೆಸ್: ಡೈರಿ ಮತ್ತು ಶಿಬಿರ

ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ, ಜೊತೆಗೆ 7 ದಿನದ ಒಂದು ವಿಶೇಷ ಶಿಬಿರ. ಕಾಲೇಜಿನ ಆವರಣ ಗುಡಿಸಿಯೇ 120 ಗಂಟೆ ತುಂಬಿಸಲು ಬರುವುದಿಲ್ಲ. ಆವರಣದ ಕೆಲಸಕ್ಕೆ ಸಾಮಾನ್ಯವಾಗಿ 30 ಗಂಟೆಯ ಮಿತಿ, ಹೆಚ್ಚಿನ ಪಾಲು ಊರಿನ ಕೆಲಸವಾಗಿರಬೇಕು.

ಗಂಟೆ ನಿಲ್ಲುವುದು ಡೈರಿಯ ಮೇಲೆ. "ಜಾಗೃತಿ ಕಾರ್ಯಕ್ರಮದಲ್ಲಿ ಭಾಗವಹಿಸಿದೆ" ಎಂಬ ಸಾಲಿಗೆ ಬೆಲೆ ಇಲ್ಲ. ಹೀಗೆ ಬರೆಯಿರಿ: ದಿನಾಂಕ, ಊರು, ಬೆಳಿಗ್ಗೆ 9ರಿಂದ 12.30, ಮನೆಮನೆಗೆ ಹೋಗಿ ಮಂಗನ ಕಾಯಿಲೆಯ ಮಾಹಿತಿ ಕೊಟ್ಟದ್ದು, ಕಾಡಿಗೆ ಹೋಗುವ ಮುನ್ನ ಉಣುಗು ಕಚ್ಚದಂತೆ ಎಣ್ಣೆ ಹಚ್ಚಿಕೊಳ್ಳುವ ಕ್ರಮ ತೋರಿಸಿದ್ದು, ಎಷ್ಟು ಮನೆ, ಒಟ್ಟು ಮೂರೂವರೆ ಗಂಟೆ, ಕಾರ್ಯಕ್ರಮಾಧಿಕಾರಿಯ ಸಹಿ. ಸಹಿಯನ್ನು ಅದೇ ವಾರ ಹಾಕಿಸಿಕೊಳ್ಳಿ. ಕಾರ್ಯಕ್ರಮಾಧಿಕಾರಿಗಳು ವರ್ಗವಾಗುತ್ತಾರೆ, ಹೊಸಬರು ತಾವು ಕಾಣದ ಕೆಲಸಕ್ಕೆ ಸಹಿ ಹಾಕುವುದಿಲ್ಲ, ಹಾಕಲೂ ಬಾರದು. ಮಳೆಗಾಲದಲ್ಲಿ ಜೆಲ್ ಪೆನ್ನಿನ ಬರಹ ಹರಡಿ ಹೋಗುತ್ತದೆ. ಬಾಲ್ ಪೆನ್ ಬಳಸಿ, ಡೈರಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿ, ತಿಂಗಳಿಗೊಮ್ಮೆ ಪುಟಗಳ ಫೋಟೊ ತೆಗೆದಿಡಿ.

ಶಿಬಿರದ ವಿಚಾರದಲ್ಲಿ ಮಲೆನಾಡಿನದೇ ಒಂದು ಸಮಸ್ಯೆ ಇದೆ. ಶಿಬಿರಗಳು ಚಳಿಗಾಲದಲ್ಲಿ ಬಿದ್ದರೆ ಅದೇ ಹೊತ್ತಿಗೆ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು. ಮನೆಯಲ್ಲಿ ಕೈ ಸಾಲುವುದಿಲ್ಲ. ಐದನೆಯ ದಿನ ಮನೆಗೆ ಹೋದವರಿಗೆ ಶಿಬಿರ ಪೂರ್ಣವಾದಂತೆ ಆಗುವುದಿಲ್ಲ. ಪ್ರತಿ ವರ್ಷ ಘಟಕದ ಅರ್ಧದಷ್ಟು ಸ್ವಯಂಸೇವಕರನ್ನಷ್ಟೇ ಶಿಬಿರಕ್ಕೆ ಕರೆದೊಯ್ಯುವುದರಿಂದ, ಮೊದಲ ವರ್ಷವೇ ಹೆಸರು ಕೊಡಿ. ಆಗ ಹೋಗಲಾಗದಿದ್ದರೆ ಎರಡನೆಯ ವರ್ಷ ಉಳಿದಿರುತ್ತದೆ. ಎರಡನೆಯ ವರ್ಷಕ್ಕೆಂದೇ ಕಾದವರಿಗೆ ಆ ವರ್ಷವೂ ಕೊಯ್ಲು ಅಡ್ಡ ಬಂದರೆ ದಾರಿ ಮುಗಿಯಿತು.

ಶಿಬಿರ ಕಾಡಂಚಿನ ಊರಿನಲ್ಲಿದ್ದರೆ ತುಂಬು ತೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟು ಹಾಕಿಕೊಳ್ಳಿ, ಸಂಜೆ ಮೈ ನೋಡಿಕೊಳ್ಳಿ, ಒಣ ಎಲೆಯ ಮೇಲೆ ಕೂರಬೇಡಿ. ಮಂಗನ ಕಾಯಿಲೆ ಮೊದಲು ಕಾಣಿಸಿಕೊಂಡದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇ ವರೆಗೆ ಅದರ ಕಾಲ. ಶಿಬಿರಗಳದ್ದೂ ಅದೇ ಕಾಲ. ಯಾವ ಕ್ರೆಡಿಟ್ಟೂ ಈ ಎಚ್ಚರಿಕೆಗಿಂತ ದೊಡ್ಡದಲ್ಲ.

ಎನ್‌ಸಿಸಿ: ಮಳೆ ರಜೆ, ಹಾಜರಿ, ಕ್ಯಾಂಪ್

'ಬಿ' ಸರ್ಟಿಫಿಕೇಟ್ ಪರೀಕ್ಷೆಗೆ ಎರಡು ವರ್ಷದ ತರಬೇತಿ, 75% ಹಾಜರಿ, ಒಂದು ಕ್ಯಾಂಪ್ ಬೇಕು. 'ಸಿ'ಗೆ 'ಬಿ' ಪಾಸಾಗಿರಬೇಕು, ಮೂರನೆಯ ವರ್ಷದ ತರಬೇತಿಯೂ ಮುಗಿದಿರಬೇಕು. ಕವಾಯತು, ಶಸ್ತ್ರಾಭ್ಯಾಸ, ನಕ್ಷೆ ಓದುವುದು, ವಿಪತ್ತು ನಿರ್ವಹಣೆ, ನಾಯಕತ್ವ ಇವೆಲ್ಲ ಪಠ್ಯದಲ್ಲಿವೆ. ಇದೇ ಪಠ್ಯವೇ ಕ್ರೆಡಿಟ್ ಕೋರ್ಸಿಗೂ ಆಧಾರ. ಆದರೆ ಬೆಟಾಲಿಯನ್ ಇಡುವ ಹಾಜರಿ ತಾನಾಗಿಯೇ ಕಾಲೇಜಿನ ಹಾಜರಿ ಪುಸ್ತಕಕ್ಕೆ ಬರುವುದಿಲ್ಲ.

ಜುಲೈ, ಆಗಸ್ಟ್‌ನಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಮಳೆ ರಜೆ ಬೀಳುವುದು ಮಾಮೂಲು. ಆ ದಿನದ ಪರೇಡ್ ಹೋಯಿತು, ಹಾಜರಿಯೂ ಹೋಯಿತು. ಸೆಪ್ಟೆಂಬರ್ ಮೊದಲ ವಾರವೇ ಎಎನ್‌ಒ ಬಳಿ ಬದಲಿ ಪರೇಡ್‌ಗಳ ದಿನಾಂಕ ಕೇಳಿ. ಸೆಮಿಸ್ಟರ್ ಕೊನೆಯಲ್ಲಿ ಕೇಳಿದರೆ ದಿನಗಳೇ ಇರುವುದಿಲ್ಲ.

ಕ್ಯಾಂಪ್ ರಜೆಯಲ್ಲಿ, ಅಂದರೆ ಎರಡು ಸೆಮಿಸ್ಟರ್‌ಗಳ ನಡುವೆ ನಡೆದರೆ ಅದರ ಅಂಕ ಯಾವ ಸೆಮಿಸ್ಟರಿಗೆ ಎಂಬ ಗೊಂದಲ ಏಳುತ್ತದೆ. ಕ್ಯಾಂಪಿಗೆ ಹೋಗುವ ಮೊದಲೇ ಎಎನ್‌ಒ ಮತ್ತು ಪರೀಕ್ಷಾ ಸಂಯೋಜಕರಿಬ್ಬರನ್ನೂ ಕೇಳಿ ತಿಳಿದುಕೊಳ್ಳಿ. ಕ್ಯಾಂಪಿನಲ್ಲಿದ್ದಾಗ ಬೇರೆ ವಿಷಯಗಳ ಕಿರುಪರೀಕ್ಷೆ ತಪ್ಪಿದರೆ, ಹೊರಡುವ ಮುಂಚೆ ಕೊಟ್ಟ ಅರ್ಜಿ ಮತ್ತು ಕ್ಯಾಂಪ್ ಹಾಜರಿ ಪತ್ರ ಎರಡೂ ಇದ್ದಾಗ ಮರುಪರೀಕ್ಷೆ ಕೇಳಲು ದಾರಿ ಇರುತ್ತದೆ. ಬಾಯಿಮಾತಿನಲ್ಲಿ ಹೇಳಿ ಹೋದರೆ ಸಾಲದು.

ಪ್ರೌಢಶಾಲೆಯ 'ಎ' ಸರ್ಟಿಫಿಕೇಟ್ ಪದವಿಯ ಕ್ರೆಡಿಟ್ ಆಗುವುದಿಲ್ಲ.

ಕ್ರೆಡಿಟ್ ಕಾಣದಿದ್ದರೆ

ಫಲಿತಾಂಶ ಬಂದ ಕೆಲವು ವಾರಗಳ ನಂತರ ಎಬಿಸಿ ಖಾತೆ ತೆರೆದು ನೋಡಿ. ಅಂಕಪಟ್ಟಿಯಲ್ಲಿ ಇದ್ದು ಖಾತೆಯಲ್ಲಿ ಇಲ್ಲದಿದ್ದರೆ ಕಾರಣ ಸಾಮಾನ್ಯವಾಗಿ ಮೂರು: ನಿಮ್ಮ ಎಬಿಸಿ ಸಂಖ್ಯೆ ಕಾಲೇಜಿಗೆ ತಲುಪಿಲ್ಲ, ಹೆಸರು ಹೊಂದಿಲ್ಲ, ಇಲ್ಲವೇ ಆ ಬ್ಯಾಚಿನ ಮಾಹಿತಿಯನ್ನೇ ಇನ್ನೂ ಕಳಿಸಿಲ್ಲ. ಸಹಪಾಠಿಯ ಖಾತೆ ನೋಡಿ. ಅವರದ್ದೂ ಖಾಲಿ ಇದ್ದರೆ ಮೂರನೆಯದು, ಕಾಯಿರಿ. ನಿಮ್ಮದು ಮಾತ್ರ ಖಾಲಿ ಇದ್ದರೆ ಪ್ರಾಂಶುಪಾಲರ ಮೂಲಕ ಪರೀಕ್ಷಾಂಗ ಕುಲಸಚಿವರಿಗೆ ಅರ್ಜಿ ಕೊಡಿ. ಕುವೆಂಪು ವಿಶ್ವವಿದ್ಯಾಲಯದ ಕಾಲೇಜಾದರೆ ಅದು ಶಂಕರಘಟ್ಟಕ್ಕೆ ಹೋಗಬೇಕು. ಅಂಕಪಟ್ಟಿ, ಎಬಿಸಿ ಪುಟದ ಪ್ರಿಂಟ್, ಆಧಾರ್, ಎಸ್ಸೆಸ್ಸೆಲ್ಸಿ ಪ್ರತಿ ಲಗತ್ತಿಸಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಅಂಕಪಟ್ಟಿಯಲ್ಲೇ ಇಲ್ಲದಿದ್ದರೆ ಎಬಿಸಿಯ ಹಿಂದೆ ಓಡಬೇಡಿ. ಮೊದಲು ಕಾಲೇಜು ಕಳಿಸಿದ ಆಂತರಿಕ ಅಂಕಗಳ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ನೋಡಿ.

ಅಗ್ನಿವೀರರು ಮತ್ತು ಮಾಜಿ ಸೈನಿಕರು

ಅಗ್ನಿವೀರರಾಗಿ ಸೇರಿದವರಿಗೆ ಇಗ್ನೊ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಮೂಲಕ ಬೇರೆಯದೇ ವ್ಯವಸ್ಥೆ ಇದೆ, ಅದು 2022ರ ಜೂನ್‌ನಲ್ಲಿ ಪ್ರಕಟವಾಯಿತು. ಮೂರು ವರ್ಷದ ಕೌಶಲ ಆಧಾರಿತ ಪದವಿಯ ಕ್ರೆಡಿಟ್‌ಗಳಲ್ಲಿ ಅರ್ಧ ಸೇನೆಯ ತರಬೇತಿಯಿಂದಲೇ ಬರುತ್ತವೆ. ಉಳಿದರ್ಧಕ್ಕೆ ಭಾಷೆ, ಇತಿಹಾಸ, ಅರ್ಥಶಾಸ್ತ್ರ, ವಾಣಿಜ್ಯ, ಕೃಷಿಯಂಥ ವಿಷಯಗಳನ್ನು ಓದಿ ಪರೀಕ್ಷೆ ಬರೆಯಬೇಕು. ತರಬೇತಿ ಮುಗಿದರೆ ಪದವಿ ಕೈಗೆ ಬರುತ್ತದೆ ಎಂದುಕೊಂಡವರು ಈ ಅರ್ಧದಲ್ಲಿ ಹಿಂದೆ ಬೀಳುತ್ತಾರೆ. ನಡುವೆ ಬಿಟ್ಟರೂ ಮೊದಲ ವರ್ಷದ ಕೋರ್ಸುಗಳಿಗೆ ಸರ್ಟಿಫಿಕೇಟ್, ಎರಡು ವರ್ಷದ್ದಕ್ಕೆ ಡಿಪ್ಲೊಮಾ ಸಿಗುತ್ತದೆ. ಸೇವೆಯಲ್ಲಿರುವಾಗಲೇ ಘಟಕದ ಮೂಲಕ ನೋಂದಾಯಿಸಿಕೊಳ್ಳಿ, ಮತ್ತು ಪ್ರತಿ ತರಬೇತಿಯ ದಾಖಲೆಯ ಪ್ರತಿಯನ್ನು ಊರಿನಲ್ಲಿ ಒಬ್ಬರ ಬಳಿ ಇಟ್ಟಿರಿ.

ಹತ್ತನೆಯ ತರಗತಿ ಓದಿ 15 ವರ್ಷ ಸೇವೆ ಮಾಡಿದ ಮಾಜಿ ಸೈನಿಕರಿಗೆ ಪದವಿ ಸಮಾನತೆಯ ಪ್ರಮಾಣಪತ್ರ ಸಿಗುತ್ತದೆ. ಪದವಿ ಕೇಳುವ ಕೇಂದ್ರ ಸರ್ಕಾರದ ಗ್ರೂಪ್ 'ಸಿ' ಹುದ್ದೆಗಳಿಗೆ ಅದು ನಡೆಯುತ್ತದೆ. ತಾಂತ್ರಿಕ ಅರ್ಹತೆ ಬೇಕಾದ ಹುದ್ದೆಗೆ ನಡೆಯುವುದಿಲ್ಲ. ಅದರಲ್ಲಿ ಕ್ರೆಡಿಟ್ ಇಲ್ಲ. ಅದನ್ನೇ ನಂಬಿ ಎಂಎ ಅಥವಾ ಬಿಎಡ್ ಪ್ರವೇಶದ ಶುಲ್ಕ ಕಟ್ಟಬೇಡಿ. ಆ ವಿಶ್ವವಿದ್ಯಾಲಯ ಒಪ್ಪುತ್ತದೆಯೇ ಎಂದು ಮೊದಲು ಲಿಖಿತವಾಗಿ ಕೇಳಿ. ಮುಂದೆ ಓದುವ ಆಸೆ ಇದ್ದವರಿಗೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿಗೆ ಸೇರುವುದೇ ನೇರ ದಾರಿ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರ ಶಿವಮೊಗ್ಗದಲ್ಲೇ ಇದೆ, ಪ್ರವೇಶ ಜುಲೈ ಮತ್ತು ಜನವರಿ ಅವಧಿಗಳಲ್ಲಿ ತೆರೆಯುತ್ತದೆ. ಹೋಗುವಾಗ ಡಿಸ್ಚಾರ್ಜ್ ಪುಸ್ತಕದ ಜೊತೆ ಪಿಯುಸಿ ಅಥವಾ ಅದಕ್ಕೆ ಸಮಾನವೆಂದು ಒಪ್ಪುವ ಸೇನಾ ಪ್ರಮಾಣಪತ್ರದ ಮೂಲ ಪ್ರತಿಯನ್ನೂ ಒಯ್ಯಿರಿ. ಪ್ರವೇಶದ ಅರ್ಹತೆಗೆ ಅವರು ಮೊದಲು ನೋಡುವುದು ಅದನ್ನೇ.